ಹುಣಸೂರಿನ ಗೆಳೆಯನಿಗೊಂದು ಪತ್ರ: ಅಲ್ ಫಾಶಿರ್ ಬಗ್ಗೆ

ಗೆಳೆಯಾ,

2023ರ ಏಪ್ರಿಲ್ ನಿನಗೆ ನೆನಪಿರಲೇಬೇಕು. ಗಿಡಮೂಲಿಕೆ, ಕೂದಲಿನ ಎಣ್ಣೆ ಮಾರಲು ಸುಡಾನಿಗೆ ಹೋಗಿದ್ದ ನಿಮ್ಮ ಕಡೆಯ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಹುಣಸೂರು, ಶಿವಮೊಗ್ಗ, ಚನ್ನಗಿರಿಯವರೆಲ್ಲ ಸೇರಿ 31 ಮಂದಿ ಎಂದು ಮೊದಲು ಸುದ್ದಿಯಾಯಿತು. ಏಪ್ರಿಲ್ 15ರಂದು ಅಲ್ಲಿ ಯುದ್ಧ ಶುರುವಾಗಿತ್ತು. ಒಂದು ಕಡೆ ಜನರಲ್ ಬುರ್ಹಾನ್‌ನ ಸೇನೆ, ಇನ್ನೊಂದು ಕಡೆ ಹೆಮೆಟಿ ಎಂದು ಹೆಸರಾದ ದಗಾಲೊನ ಅರೆಸೇನಾ ಆರ್‌ಎಸ್‌ಎಫ್ ಪಡೆ. 2021ರಲ್ಲಿ ಇಬ್ಬರೂ ಕೂಡಿಯೇ ಸರ್ಕಾರ ಉರುಳಿಸಿದ್ದರು. ಆಮೇಲೆ ಗದ್ದುಗೆ ಹಂಚಿಕೊಳ್ಳಲಾರದೆ ದೇಶವನ್ನೇ ಹರಿದು ಹಾಕಿದರು.

ಅವರನ್ನು ಕರೆತರಲು ಭಾರತ ಸರ್ಕಾರದ ‘ಆಪರೇಷನ್ ಕಾವೇರಿ’ ನಡೆಯಿತು. ಪೋರ್ಟ್ ಸುಡಾನಿಗೆ ನೌಕಾಪಡೆಯ ಹಡಗು ಹೋಯಿತು, ಅಲ್ಲಿಂದ ಜೆಡ್ಡಾ, ಅಲ್ಲಿಂದ ವಿಮಾನ. ನಮ್ಮವರು ಬಂದರು.

ಅವರಿಂದ ಎಣ್ಣೆ ಕೊಂಡವರು ಏನಾದರು? ಈಚೆಗೆ ಈ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ನಮ್ಮವರಲ್ಲಿ ಹಲವರು ಇದ್ದದ್ದು ಸುಡಾನಿನ ಪಶ್ಚಿಮಕ್ಕಿರುವ ಉತ್ತರ ದಾರ್ಫುರದ ಅಲ್ ಫಾಶಿರ್‌ನಲ್ಲಿ. 2024ರ ಮೇ ತಿಂಗಳಲ್ಲಿ ಆರ್‌ಎಸ್‌ಎಫ್ ಆ ಊರನ್ನು ಮುತ್ತಿತು. ಪಕ್ಕದ, ನೆಲೆ ಕಳೆದುಕೊಂಡವರ ಝಮ್‌ಝಮ್ ಶಿಬಿರದಲ್ಲಿ ಅದೇ ಆಗಸ್ಟಿನಲ್ಲಿ ಕ್ಷಾಮ ಘೋಷಣೆಯಾಯಿತು. ಮರುವರ್ಷ ಊರಿನ ಸುತ್ತ ಮಣ್ಣಿನ ದಿಬ್ಬ ಎಬ್ಬಿಸಿದರು. ಒಳಗಿನ ಜನ ಹೊರಬರಬಾರದು, ಹೊರಗಿನ ಕಾಳು ಒಳಹೋಗಬಾರದು. 2025ರ ಅಕ್ಟೋಬರ್ 26ರಂದು ಊರು ಬಿತ್ತು. ಹೆರಿಗೆ ಆಸ್ಪತ್ರೆಯೊಂದರಲ್ಲೇ 460ಕ್ಕೂ ಹೆಚ್ಚು ಮಂದಿಯನ್ನು ಕೊಂದ ವರದಿಗಳಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ತಪ್ಪಿಸಿಕೊಂಡವರು ಸುಮಾರು 60 ಕಿಲೋಮೀಟರ್ ದೂರದ ತವೀಲಾ ಕಡೆಗೆ ನಡೆದರು.

ಬೀಳುವ ಮೊದಲು ಆ ಊರು ಏನು ತಿಂದು ಬದುಕಿತ್ತು ಗೊತ್ತೇ? ಕಡಲೆಕಾಯಿ ಹಿಂಡಿ. ದಾರ್ಫುರ ಕಡಲೆಕಾಯಿ ಬೆಳೆಯುವ ಸೀಮೆ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯನ್ನು ನಮ್ಮಂತೆಯೇ ಅಲ್ಲಿಯೂ ದನಕ್ಕೆ ಹಾಕುತ್ತಾರೆ. ನೀನು ದಿನಾ ಸಂಜೆ ಕಲಗಚ್ಚಿನ ಬಾನಿಗೆ ಮುರಿದು ಹಾಕುವೆಯಲ್ಲ, ಅದೇ ಗಟ್ಟಿ ಹೆಂಟೆಯನ್ನು ತಾಯಂದಿರು ನೀರಿನಲ್ಲಿ ನೆನೆಸಿ ಮಕ್ಕಳಿಗೆ ತಿನ್ನಿಸಿದರು. ಕೊನೆಕೊನೆಗೆ ಅದೂ ಸಿಗದಾಯಿತು.

ಸುಡಾನಿನ ಸುಮಾರು 5 ಕೋಟಿ ಜನರಲ್ಲಿ, 2025ರ ಹೊತ್ತಿಗೆ, ಸುಮಾರು 1.2 ಕೋಟಿ ಮಂದಿ ಮನೆ ಬಿಟ್ಟಿದ್ದರು. ನೆರವು ಬೇಕಾದವರು 3 ಕೋಟಿ. ಇಷ್ಟು ಜನರ ಕೈ ಹಿಡಿದವರು ಯಾರು ಎಂದು ಹುಡುಕುತ್ತಾ ಹೋದರೆ ಸಿಗುವುದು ಓಣಿಯ ಹುಡುಗ ಹುಡುಗಿಯರು! ಅವರಲ್ಲಿ ಎಷ್ಟೋ ಮಂದಿ ತಾವೇ ನೆಲೆ ಕಳೆದುಕೊಂಡವರು. ಒಟ್ಟುಗೂಡಿ ‘ತುರ್ತು ಸ್ಪಂದನ ಕೊಠಡಿ’ಗಳನ್ನು ಕಟ್ಟಿಕೊಂಡರು. ದೊಡ್ಡ ಪಾತ್ರೆ ಇಟ್ಟು ಸಾಮೂಹಿಕ ಅಡುಗೆಮನೆ ನಡೆಸಿದರು. ಸಜ್ಜೆ, ಜೋಳದ ಹಿಟ್ಟು ತಿರುವಿ ಮಾಡುವ ಅಸೀದಾ ನಮ್ಮ ಮುದ್ದೆಯಂಥದ್ದೇ. 2025ರಲ್ಲಿ ಅಮೆರಿಕ ನೆರವು ನಿಲ್ಲಿಸಿದಾಗ ಇಂಥ ನೂರಾರು ಒಲೆಗಳು ಆರಿದವು. ದೂರದ ಕಚೇರಿಯಲ್ಲಿ ಒಂದು ಸಹಿ ಬಿದ್ದರೆ ಅಲ್ಲೊಂದು ಮಗು ಹಸಿದು ಮಲಗುತ್ತದೆ. ಇದನ್ನು ನಾನು ಅನ್ಯಾಯವೆಂದೇ ಕರೆಯುತ್ತೇನೆ, ಬೇರೆ ಮೃದುವಾದ ಮಾತು ನನಗೆ ಬೇಡ.

ಆ ಸ್ವಯಂಸೇವಕರಲ್ಲಿ ಎಷ್ಟೋ ಜನರನ್ನು ಎರಡೂ ಕಡೆಯವರು ಹಿಡಿದಿದ್ದಾರೆ, ಕೆಲವರನ್ನು ಕೊಂದಿದ್ದಾರೆ. ಆದರೂ ಮರುದಿನ ಇನ್ನೊಬ್ಬರು ಸೌಟು ಹಿಡಿಯುತ್ತಾರೆ. ಗೆಳೆಯಾ, ಮನೆಯಲ್ಲೂ ಹೇಳದ ಮಾತೊಂದನ್ನು ನಿನಗೆ ಹೇಳುತ್ತೇನೆ. ನಮ್ಮ ಬೀದಿಗೆ ಅಂಥ ದಿನ ಬಂದರೆ ನಾನು ಕದ ತೆರೆಯುವೆನೇ? ಮೊದಲು ಒಳಗೆ ಹೋಗಿ ಅಕ್ಕಿಯ ಡಬ್ಬ ಮುಟ್ಟಿ ನೋಡುವವನೇ ನಾನು ಎಂದು ಭಯವಾಗುತ್ತದೆ. ಅಪ್ಪನನ್ನು ಕಳೆದುಕೊಂಡ ವರ್ಷ ನಿಮ್ಮ ಅಮ್ಮ ನಮ್ಮ ಮನೆಗೆ ತಿಂಗಳುಗಟ್ಟಲೆ ಊಟ ಕಳಿಸಿದರಲ್ಲ, ನಿಮ್ಮಲ್ಲೇ ಏನೂ ಇರದಾಗ! ಆ ಧೈರ್ಯ ಅವರಿಗೆ ಎಲ್ಲಿಂದ ಬಂತು ಎಂದು ಕೇಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ, ಬಾಯಿ ಬಂದಿಲ್ಲ. ನೀನಾದರೂ ಕೇಳಿ ತಿಳಿಸು.

ಸಾಕು, ಎಲ್ಲರ ಮುಂದೆ ಇಷ್ಟು ಹೇಳಬೇಕೆಂದು ಕೂತಿರಲಿಲ್ಲ. ಕರುವಿಗೆ ಹೆಸರು ಕೇಳಿದ್ದೆಯಲ್ಲ, ಗೌರಿ ಬೇಡ, ನಿಮ್ಮ ಕೊಟ್ಟಿಗೆಯಲ್ಲಿ ಆಗಲೇ ಇಬ್ಬರಿದ್ದಾರೆ, ತುಂಗೆ ಎನ್ನು. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಹಬ್ಬಕ್ಕೆ ಖಂಡಿತ ಬರುತ್ತೇನೆ, ಸೀಬೆಮರದ ಮೊಕದ್ದಮೆ ಇನ್ನೂ ಬಾಕಿ ಇದೆ. ಸಾಕ್ಷಿಗಳನ್ನು ನಾನೇ ಕರೆತರುತ್ತೇನೆ.

ನಿನ್ನವ