ರೋಮ್‌ಗೆ ಹೋಗುವ ಮುನ್ನ ವಾರ ನೋಡಿಕೊಳ್ಳಿ

ಮಾನ್ಯರೇ,

ಬೇಸಿಗೆ ರಜೆಗೆ ಯುರೋಪಿಗೆ ಹೊರಡುವವರು ಈಗ ಕಲಬುರಗಿಯಲ್ಲೂ ಇದ್ದಾರೆ. ಏಜೆಂಟರು ವಿಮಾನ, ಹೋಟೆಲ್ ಹೇಳುತ್ತಾರೆ. ಯಾವ ದಿನ ಯಾವುದಕ್ಕೆ ಬೀಗ ಎಂಬುದನ್ನಲ್ಲ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂಗೆ ಮಂಗಳವಾರ ರಜೆ. ವ್ಯಾಟಿಕನ್ ಮ್ಯೂಸಿಯಂಗೆ ಭಾನುವಾರ. ತಿಂಗಳ ಕೊನೆಯ ಭಾನುವಾರ ಮಾತ್ರ ಬಾಗಿಲು ತೆರೆದಿರುತ್ತದೆ, ಪ್ರವೇಶವೂ ಪುಕ್ಕಟೆ, ಅದೂ ಮಧ್ಯಾಹ್ನ 12.30ರೊಳಗೆ ಒಳಹೋದವರಿಗೆ. ಅಂದಿನ ಸಾಲು ಶರಣಬಸವೇಶ್ವರ ಜಾತ್ರೆಯಂತೆಯೇ!

ರೋಮ್‌ನ ಪ್ರಾಚೀನ ಕ್ರೀಡಾಂಗಣ ಕೊಲೋಸಿಯಂನ ಟಿಕೆಟ್ಟಿನ ಹೆಸರು ಪಾಸ್‌ಪೋರ್ಟಿಗೆ ತಾಳೆಯಾಗಬೇಕು. ನಮ್ಮ ಕಡೆ ತಂದೆಯ ಹೆಸರು, ಅಡ್ಡಹೆಸರು ಹಿಂದುಮುಂದಾಗುವುದು ಮಾಮೂಲಿ. ಬುಕ್ ಮಾಡುವಾಗಲೇ ನೋಡಿಕೊಳ್ಳಿ. ರೋಮ್‌ನಲ್ಲಿ ಬಸ್ಸಿನ ಕಾಗದದ ಟಿಕೆಟ್ ಕೊಂಡರಷ್ಟೇ ಸಾಲದು, ಹತ್ತಿದ ಕೂಡಲೇ ಯಂತ್ರದಲ್ಲಿ ಮುದ್ರೆ ಬೀಳಬೇಕು. ಇಲ್ಲದಿದ್ದರೆ ದಂಡ.

ರೋಮ್‌ನಲ್ಲಿ ನೀರಿನ ಬಾಟಲಿಗೆ ದುಡ್ಡು ಸುರಿಯಬೇಡಿ. ಬೀದಿಬದಿಯ ಕಬ್ಬಿಣದ ನಲ್ಲಿಗಳಲ್ಲಿ ಕುಡಿಯುವ ನೀರೇ ಹರಿಯುತ್ತದೆ. ಮೂತಿಗೆ ಬೆರಳು ಒತ್ತಿದರೆ ಮೇಲಿನ ಸಣ್ಣ ತೂತಿನಿಂದ ಚಿಮ್ಮುತ್ತದೆ.

– ಓದುಗರು, ಕಲಬುರಗಿ