ಬಾಗಿಲಲ್ಲಿ ಹಲಾಲ್, ತವಾ ಮಾತ್ರ ಒಂದೇ: ಒಂದು ದೂರು

ಗೆ,
ಮ್ಯಾನೇಜರ್ ಅವರಿಗೆ,
ಕೋರಮಂಗಲ ಶಾಖೆ, ಬೆಂಗಳೂರು

ವಿಷಯ: ಹಲಾಲ್ ಎಂದು ಹೇಳಿ ಬೇಕನ್ (ಹಂದಿಮಾಂಸ) ಬೇಯಿಸಿದ ತವಾದಲ್ಲೇ ಚಿಕನ್ ಮಾಡಿಕೊಟ್ಟಿದ್ದು

ಮಾನ್ಯರೇ,

ಕಳೆದ ಭಾನುವಾರ ರಾತ್ರಿ ಎಂಟೂವರೆಗೆ ನಾವು ನಾಲ್ವರು ನಿಮ್ಮಲ್ಲಿಗೆ ಊಟಕ್ಕೆ ಬಂದಿದ್ದೆವು. ಪುತ್ತೂರಿನಿಂದ ಬಂದಿದ್ದ ಉಮ್ಮನೂ (ನನ್ನ ತಾಯಿ) ಜೊತೆಗಿದ್ದರು. ಹಲಾಲ್ ಹೋಟೆಲುಗಳಿರುವ ಫ್ರೇಜರ್ ಟೌನಿನ ಮಾಸ್ಕ್ ರೋಡಿಗೆ ಹೋಗಿದ್ದರೆ ಈ ತಲೆನೋವೇ ಇರುತ್ತಿರಲಿಲ್ಲ. ಆದರೆ ಮಕ್ಕಳಿಬ್ಬರೂ ಬರ್ಗರ್ ಬೇಕೆಂದು ಹಟ ಹಿಡಿದಿದ್ದರು. ನಿಮ್ಮ ಬಾಗಿಲಿನ ಗಾಜಿನ ಮೇಲೆ ಹಸಿರು ಅಕ್ಷರದಲ್ಲಿ 'ಹಲಾಲ್' ಎಂದಿತ್ತು. ಆದರೂ ಉಮ್ಮ "ಸರಿಯಾಗಿ ವಿಚಾರಿಸಿದ್ಯಾ?" ಅಂದರು. ವಿಚಾರಿಸಿದೆ. ಆರ್ಡರ್ ತೆಗೆದುಕೊಳ್ಳಲು ಬಂದ ಹುಡುಗ "ಎಲ್ಲಾ ಹಲಾಲ್ ಸರ್" ಅಂದ.

ನಿಮ್ಮ ಅಡುಗೆಮನೆ ಟೇಬಲ್‌ಗೆ ಕಾಣುತ್ತದೆ, ಅದಕ್ಕೇ ಗೊತ್ತಾಯಿತು. ತವಾ ಮೇಲೆ ಬೇರೆ ಯಾರದೋ ಬೇಕನ್ ಚುರುಗುಟ್ಟುತ್ತಿತ್ತು. ಅದನ್ನು ಎತ್ತಿದ ಸಟ್ಟುಗದಲ್ಲೇ, ಒರೆಸದೆ, ನಮ್ಮ ಚಿಕನ್ ಮಗುಚಿದರು. ಹಂದಿಯ ಕೊಬ್ಬು ತವಾ ಮೇಲೆ ಹಾಗೇ ಹೊಳೆಯುತ್ತಿತ್ತು. ಪ್ಲೇಟ್ ಬರುವ ಹೊತ್ತಿಗೆ ಕೈ ತೊಳೆದು ಕೂತಿದ್ದ ಉಮ್ಮ, "ನಂಗೆ ಹಸಿವಿಲ್ಲ" ಅಂದುಬಿಟ್ಟರು.

ಹಲಾಲ್ ಸರ್ಟಿಫಿಕೇಟ್ ತೋರಿಸಿ ಅಂದರೆ ನಿಮ್ಮ ಸೂಪರ್‌ವೈಸರ್ ಮೊದಲು ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ತೋರಿಸಿದರು. ಅದು ಆಹಾರ ಸುರಕ್ಷತೆಯ ಲೈಸೆನ್ಸ್. ಅದರ 14 ಅಂಕಿಯ ನಂಬರಿಗೂ ಹಲಾಲ್‌ಗೂ ಏನು ಸಂಬಂಧ? ಆಮೇಲೆ ಫೋನಿನಲ್ಲಿ ಇನ್ನೊಂದು ತೆಗೆದರು. ಅದು ನಿಮಗೆ ಕೋಳಿ ಕೊಡುವವರದ್ದು, ಅವಧಿಯೂ ಮುಗಿದಿತ್ತು. ಕೋಳಿ ಹಲಾಲ್ ಆಗಿ ಬಂದಿರಬಹುದು, ನಾನು ಅನುಮಾನಿಸುತ್ತಿಲ್ಲ. ಆದರೆ ಹಂದಿ ಬೆಂದ ತವಾಗೆ ಹಾಕಿದ ಮೇಲೆ ಅದು ನಮಗೆ ಹಲಾಲ್ ಅಲ್ಲ. ಇಷ್ಟು ಗೊತ್ತಿಲ್ಲದವರು ಸುಮ್ನೆ ಯಾಕೆ ಬೋರ್ಡ್ ಹಾಕಬೇಕು?

ನೀವು ಬೇಕನ್ ಮಾರಬಾರದು ಅಂತ ನಾನು ಹೇಳುತ್ತಿಲ್ಲ. ಅದು ನಿಮ್ಮ ವ್ಯಾಪಾರ. 'ಚಿಕನ್ ಹಲಾಲ್, ತವಾ ಬೇರೆ ಇಲ್ಲ' ಎಂದು ಬರೆದಿದ್ದರೆ ನಾವು ಹೊರಗಿನಿಂದಲೇ ವಾಪಸ್ ಹೋಗುತ್ತಿದ್ದೆವು. ಬೇಜಾರೂ ಇರುತ್ತಿರಲಿಲ್ಲ.

ಇಷ್ಟಾದ ಮೇಲೂ ಬಿಲ್ ಪೂರ್ತಿ ಕಟ್ಟಿಸಿಕೊಂಡಿರಿ. ಊಟಕ್ಕೆ 1,600, ಸರ್ವಿಸ್ ಚಾರ್ಜ್ 160, ಜಿಎಸ್‌ಟಿ 88, ಒಟ್ಟು 1,848 ರೂಪಾಯಿ. ಸರ್ವಿಸ್ ಚಾರ್ಜನ್ನು ಕೇಳದೆ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ತೆಗೆಯಿರಿ ಅಂದರೆ "ಸಿಸ್ಟಮ್‌ನಲ್ಲಿ ಆಗಲ್ಲ ಸರ್" ಎಂಬ ಉತ್ತರ ಬಂತು.

ಪೂರ್ತಿ ಹಣ ವಾಪಸ್ ಕೊಡಿ. ಚಿಕನ್‌ಗೆ ಬೇರೆ ತವಾ, ಬೇರೆ ಸಟ್ಟುಗ ಇಡಿ, ಇಲ್ಲವೇ ಬಾಗಿಲ ಮೇಲಿನ ಆ ಪದ ಅಳಿಸಿ. ಏಳು ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ 1915ಕ್ಕೆ ಕರೆ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದೂರು ಕೊಡುತ್ತೇನೆ. ಬಿಲ್ಲಿನ ಮತ್ತು ಬಾಗಿಲಿನ ಫೋಟೋ ಜೊತೆಗಿವೆ.

ಆರ್ಡರ್ ತೆಗೆದುಕೊಂಡ ಹುಡುಗನ ಮೇಲೆ ಮಾತ್ರ ಹಾರಾಡಬೇಡಿ. ನೀವು ಹೇಳಿಕೊಟ್ಟಿದ್ದನ್ನೇ ಅವನು ಹೇಳಿದ್ದು, ಅಲ್ವಾ?

ಇಂತಿ,
ಭಾನುವಾರ ರಾತ್ರಿ ನಾಲ್ಕನೇ ಟೇಬಲ್‌ನಲ್ಲಿದ್ದ ಗಿರಾಕಿ