ಅಂಚಿಗೆ ಸರಿ ಎನ್ನುವ ಮುನ್ನ

ಸಂಪಾದಕರಿಗೆ,

ಮಾನ್ಯರೇ,

ಬೆಂಗಳೂರಿನ ವಾಹನಗಳ ನಡುವೆ ಸೈಕಲ್ ತುಳಿಯುವವರು ಜೀವದ ಮೇಲೆ ಆಸೆಯಿದ್ದರೆ ರಸ್ತೆಯ ಎಡ ಅಂಚನ್ನು ಬಿಟ್ಟು ಕದಲಬಾರದು ಎಂಬ ಅರ್ಥದ ಸಲಹೆಯನ್ನು ಓದುಗರೊಬ್ಬರು ಈಚೆಗೆ ಇದೇ ಅಂಕಣದಲ್ಲಿ ನೀಡಿದ್ದರು. ಅವರ ಕಾಳಜಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ವಿಜಯನಗರದ ಮನೆಯಿಂದ ಪೀಣ್ಯದ ಕಾರ್ಖಾನೆಗೆ ಇಪ್ಪತ್ತೆರಡು ವರ್ಷಗಳಿಂದ ಸೈಕಲ್‌ನಲ್ಲೇ ಹೋಗಿಬರುತ್ತಿರುವ ನಾನು, ಆ ಸಲಹೆಯನ್ನು ಅಕ್ಷರಶಃ ಪಾಲಿಸಿದರೆ ಏನಾಗುತ್ತದೆಂಬುದನ್ನು ಕೈ ಮುರಿದುಕೊಂಡು ಕಲಿತವನಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಆ ಅಂಚಿನಲ್ಲಿ ಏನೇನಿದೆ ಎಂದು ನೋಡೋಣ. ಕಾರ್ಡ್ ರಸ್ತೆಯಲ್ಲಾಗಲಿ, ಮಾಗಡಿ ರಸ್ತೆಯಲ್ಲಾಗಲಿ, ಪಾದಚಾರಿ ಮಾರ್ಗಕ್ಕೆ ತಾಗಿದ ಕೊನೆಯ ಎರಡು ಮೂರು ಅಡಿ ಅಗಲದ ಜಾಗ ಹೆಸರಿಗೆ ಮಾತ್ರ ರಸ್ತೆ. ಹಳೆಯ ಡಾಂಬರಿನ ಮೇಲೆ ಹೊಸ ಡಾಂಬರು ಹಾಕಿ, ಅಂಚಿನವರೆಗೆ ಎಳೆಯದೆ ಬಿಟ್ಟ ಕಡೆ ಒಂದು ಗೇಣಿನ ಮೆಟ್ಟಿಲು ನಿಂತಿರುತ್ತದೆ. ಸೈಕಲ್‌ನ ಮುಂದಿನ ಚಕ್ರ ಆ ಮೆಟ್ಟಿಲಿಗೆ ಓರೆಯಾಗಿ ತಾಗಿತೆಂದರೆ ಹ್ಯಾಂಡಲ್ ನಮ್ಮ ಮಾತು ಕೇಳುವುದಿಲ್ಲ. ಮಳೆ ನೀರು ಹೊತ್ತು ತಂದ ಮರಳು, ಒಡೆದ ಬಾಟಲಿ ಚೂರು, ಎಳನೀರಿನ ಬುರುಡೆ, ಕೇಬಲ್ಲಿನವರು ಸುತ್ತಿಟ್ಟು ಮರೆತ ತಂತಿ, ಎಲ್ಲವೂ ಬಂದು ಸೇರುವುದು ಅಲ್ಲಿಗೇ. ಚರಂಡಿಯ ಮೇಲಿನ ಕಬ್ಬಿಣದ ಜಾಲರಿಗಳದ್ದು ಬೇರೆಯೇ ಕಥೆ. ಅವುಗಳ ಸರಳುಗಳು ರಸ್ತೆಗೆ ಅಡ್ಡಲಾಗಿದ್ದರೆ ಚಕ್ರ ಗಡಗಡ ಎಂದು ದಾಟಿ ಹೋಗುತ್ತದೆ, ರಸ್ತೆಯ ಉದ್ದಕ್ಕೇ ಇದ್ದರೆ ಸೈಕಲ್‌ನ ತೆಳುವಾದ ಟೈರು ಸೀಳಿನೊಳಗೆ ನೇರವಾಗಿ ಇಳಿದು ಕೂರುತ್ತದೆ ಮತ್ತು ಸವಾರ ಹ್ಯಾಂಡಲ್ ದಾಟಿ ಮುಂದಕ್ಕೆ ಹಾರುತ್ತಾನೆ. ಮಳೆ ಬಂದು ಅಂಚಿನಲ್ಲಿ ನೀರು ನಿಂತಾಗ ಇವು ಯಾವುವೂ ಕಾಣುವುದಿಲ್ಲ. ಇಷ್ಟು ಸಾಲದೆಂಬಂತೆ, ಮುಂದಿನ ಯು-ಟರ್ನ್‌ವರೆಗೆ ಹೋಗಿಬರಲು ಮನಸ್ಸಿಲ್ಲದ ದ್ವಿಚಕ್ರ ವಾಹನ ಸವಾರರು ರಾಂಗ್ ಸೈಡಿನಲ್ಲಿ ಎದುರಾಗುವುದೂ ಈ ಅಂಚಿನಲ್ಲೇ. ಆಗ ಅವರು ಅಂಚನ್ನು ಬಿಟ್ಟುಕೊಡುವುದಿಲ್ಲ. ಸರಿಯಾದ ದಿಕ್ಕಿನಲ್ಲಿ ಹೋಗುತ್ತಿರುವ ಸೈಕಲ್ ಸವಾರನೇ ಹಿಂದೆ ಏನು ಬರುತ್ತಿದೆಯೆಂದು ನೋಡಲೂ ಆಗದೆ ರಸ್ತೆಯ ಒಳಕ್ಕೆ ಸರಿಯಬೇಕಾಗುತ್ತದೆ.

ನನ್ನ ಕೈ ಮುರಿದದ್ದು ಇವು ಯಾವುದರಿಂದಲೂ ಅಲ್ಲ, ನಿಂತ ಕಾರಿನ ಬಾಗಿಲಿನಿಂದ. ಆ ದಿನ ಬೆಳಿಗ್ಗೆ ಏಳೂವರೆಯ ಸುಮಾರಿಗೆ ಸಾಲಾಗಿ ನಿಲ್ಲಿಸಿದ್ದ ಕಾರುಗಳ ಪಕ್ಕದಲ್ಲೇ, ಅವುಗಳ ಕನ್ನಡಿಗೆ ಮೊಣಕೈ ತಾಗುವಷ್ಟು ಹತ್ತಿರದಲ್ಲಿ, ಬಹಳ ವಿಧೇಯನಾಗಿ ತುಳಿದುಕೊಂಡು ಹೋಗುತ್ತಿದ್ದೆ. ಒಂದು ಕಾರಿನ ಚಾಲಕ ಫೋನಿನಲ್ಲಿ ಮಾತನಾಡುತ್ತಲೇ ಬಾಗಿಲು ತೆರೆದರು. ಬ್ರೇಕ್ ಹಿಡಿಯಬೇಕೆಂದು ತಲೆಗೆ ಹೊಳೆಯುವಷ್ಟರಲ್ಲಿ ನಾನು ನೆಲದ ಮೇಲಿದ್ದೆ. ಹಿಂದೆ ಬರುತ್ತಿದ್ದ ಟೆಂಪೊದವನು ನನ್ನ ತಲೆಗೆ ಎರಡು ಮಾರು ದೂರದಲ್ಲಿ ನಿಲ್ಲಿಸಿದನೆಂದು ಆಮೇಲೆ ಹೂವಿನ ಅಂಗಡಿಯವರು ಹೇಳಿದರು. ಎಡಗೈ ಮಣಿಕಟ್ಟಿಗೆ ಆರು ವಾರ ಪ್ಲಾಸ್ಟರ್ ಹಾಕಿಸಿಕೊಂಡೆ. ಕಾರಿನವರು ಕೆಟ್ಟವರೇನಲ್ಲ, ಆಸ್ಪತ್ರೆಗೆ ಅವರೇ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ‘ನೀವು ಕಾಣಲೇ ಇಲ್ಲ ಸಾರ್’ ಎನ್ನುತ್ತಿದ್ದರು. ಆ ಮಾತನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಅಂಚಿನಲ್ಲಿ ಅಡಗಿಕೊಂಡು ಹೋಗುವವನು ಕಾಣುವುದು ಕಷ್ಟ ಎಂಬುದೂ ನಿಜವೇ.

ಅಂದಿನಿಂದ ನಾನು ಅಂಚಿನಿಂದ ಒಂದು ಮೀಟರು ಬಿಟ್ಟು, ನಿಂತ ಕಾರುಗಳಿದ್ದರೆ ಬಾಗಿಲು ಪೂರ್ತಿ ತೆರೆದರೂ ತಾಗದಷ್ಟು ದೂರ ಬಿಟ್ಟು, ನೇರ ಗೆರೆ ಎಳೆದಂತೆ ಹೋಗುತ್ತೇನೆ. ಎರಡು ಕಾರುಗಳ ನಡುವೆ ಜಾಗವಿದೆಯೆಂದು ಒಳಕ್ಕೆ ನುಸುಳಿ, ಮುಂದಿನ ಕಾರು ಬಂದಾಗ ಮತ್ತೆ ಹೊರಕ್ಕೆ ಬರುವ ಅಭ್ಯಾಸ ಬಿಟ್ಟಿದ್ದೇನೆ. ಹಾಗೆ ಪ್ರತಿಬಾರಿ ಹೊರಬಂದಾಗಲೂ ಹಿಂದಿನವರ ಕಣ್ಣಿಗೆ ನಾವು ಇದ್ದಕ್ಕಿದ್ದಂತೆ ಹುಟ್ಟಿಕೊಂಡವರಂತೆ ಕಾಣುತ್ತೇವೆ. ಸರಿಯಬೇಕಾದಾಗ ಮೊದಲು ಭುಜದ ಮೇಲಿಂದ ಹಿಂದಕ್ಕೆ ನೋಡುವುದು, ಆಮೇಲೆ ಕೈ ಚಾಚುವುದು, ಆಮೇಲಷ್ಟೇ ಸರಿಯುವುದು. ಇದರಿಂದ ಹಾರನ್ ಹೆಚ್ಚು ಕೇಳಬೇಕಾಗುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಹಾರನ್ ಹೊಡೆಯುವವನು ನನ್ನನ್ನು ನೋಡಿದ್ದಾನೆ; ನನಗೆ ಭಯವಿರುವುದು ನೋಡದವನ ಬಗ್ಗೆ.

ಇದು ಮೊಂಡುತನವಲ್ಲ, ಲೆಕ್ಕ. ಮುಖ್ಯರಸ್ತೆಯ ಒಂದು ಪಥದ ಅಗಲ ಹೆಚ್ಚೆಂದರೆ ಮೂರೂವರೆ ಮೀಟರು. ಬಸ್ಸಿನ ಅಗಲ ಸುಮಾರು ಎರಡೂವರೆ ಮೀಟರು, ಸೈಕಲ್‌ನ ಹ್ಯಾಂಡಲ್ ಅರವತ್ತು ಸೆಂಟಿಮೀಟರಿನಷ್ಟು. ಎರಡೂ ಅದೇ ಪಥದಲ್ಲಿ ಅಕ್ಕಪಕ್ಕ ಹೋದರೆ ಉಳಿಯುವುದು ನಲವತ್ತು ಸೆಂಟಿಮೀಟರು, ಅದನ್ನೂ ಎರಡು ಬದಿಗೆ ಹಂಚಿಕೊಳ್ಳಬೇಕು. ಎಂದರೆ ಸೈಕಲ್ಲನ್ನು ದಾಟಬೇಕಾದ ಬಸ್ಸು ಹೇಗೂ ಪಕ್ಕದ ಪಥಕ್ಕೆ ಹೋಗಲೇಬೇಕು. ಸವಾರ ಅಂಚಿಗೆ ಅಂಟಿಕೊಂಡಿದ್ದಾಗ, ಇದೇ ಪಥದಲ್ಲಿ ಹೇಗೋ ತೂರಿಸಿಬಿಡಬಹುದೆಂಬ ಆಸೆ ಚಾಲಕನಿಗೆ ಹುಟ್ಟುತ್ತದೆ. ಸವಾರ ಒಂದು ಮೀಟರು ಒಳಗಿದ್ದರೆ ಆ ಆಸೆಗೆ ಎಡೆಯಿರುವುದಿಲ್ಲ. ಬ್ರಿಟನ್ನಿನ ರಸ್ತೆ ನಿಯಮಾವಳಿಯನ್ನು 2022ರಲ್ಲಿ ಪರಿಷ್ಕರಿಸಿದಾಗ, ಸೈಕಲ್ಲನ್ನು ಹಿಂದಿಕ್ಕುವ ವಾಹನ ಕನಿಷ್ಠ ಒಂದೂವರೆ ಮೀಟರು ಅಂತರ ಬಿಡಬೇಕೆಂದು ಬರೆದುದರ ಹಿಂದೆ ಇರುವುದೂ ಇಂಥದೇ ಲೆಕ್ಕ. ನಮ್ಮಲ್ಲಿ ಒಂದೂವರೆ ಮೀಟರು ಎಂದರೆ ಜನ ನಗುತ್ತಾರೆ. ನಗಲಿ, ಒಂದು ಮೀಟರನ್ನಾದರೂ ಕೊಡಲಿ.

ಬಸ್ಸಿನ ವಿಷಯದಲ್ಲಿ ಇನ್ನೂ ಒಂದು ಮಾತನ್ನು ನಮ್ಮ ಕಾರ್ಖಾನೆಗೆ ಹೊಸದಾಗಿ ಸೇರಿ ಸೈಕಲ್‌ನಲ್ಲಿ ಬರುವ ಹುಡುಗರಿಗೆಲ್ಲ ನಾನು ಹೇಳುತ್ತಿರುತ್ತೇನೆ. ಸಿಗ್ನಲ್‌ನಲ್ಲಿ ನಿಂತ ಬಸ್ಸು ಅಥವಾ ಲಾರಿಯ ಎಡಗಡೆಯ ಸಂದಿಯಲ್ಲಿ ನುಗ್ಗಿ ಮುಂದೆ ಹೋಗಬೇಡಿ. ಚಾಲಕ ಕೂತಿರುವುದು ಬಲಗಡೆ. ಎಡ ಮುಂಚಕ್ರದ ಪಕ್ಕದಲ್ಲಿ ನಿಂತ ಸೈಕಲ್ ಅವನ ಕಣ್ಣಿಗೆ ಬೀಳುವುದೇ ಇಲ್ಲ. ಹನ್ನೆರಡು ಮೀಟರಿನ ಬಸ್ಸು ಎಡಕ್ಕೆ ತಿರುಗುವಾಗ ಮುಂದಿನ ಚಕ್ರ ಹೋದ ದಾರಿಯಲ್ಲೇ ಹಿಂದಿನ ಚಕ್ರ ಹೋಗುವುದಿಲ್ಲ, ಅದು ಒಳಗಡೆಯಿಂದ ಕತ್ತರಿಸಿಕೊಂಡು ಬರುತ್ತದೆ. ಮುಂದಿನ ಭಾಗ ನಮ್ಮನ್ನು ದಾಟಿತು, ಇನ್ನೇನೂ ಇಲ್ಲ ಎಂದುಕೊಂಡು ನಿಂತವನು ಸಿಕ್ಕಿಹಾಕಿಕೊಳ್ಳುವುದು ಅಲ್ಲಿಯೇ. ಗೊರಗುಂಟೆಪಾಳ್ಯದ ಜಂಕ್ಷನ್‌ನಲ್ಲಿ, ತುಮಕೂರು ರಸ್ತೆಯ ಲಾರಿಗಳೂ ಹೊರವರ್ತುಲ ರಸ್ತೆಯ ಲಾರಿಗಳೂ ಕೂಡುವ ಹೊತ್ತಿನಲ್ಲಿ, ನಾನು ಇಂದಿಗೂ ಸೈಕಲ್‌ನಿಂದ ಇಳಿದು, ತಳ್ಳಿಕೊಂಡು, ನಡೆಯುವವರ ಜೊತೆ ದಾಟುತ್ತೇನೆ. ನಾಲ್ಕು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೆ. ನಿಲ್ದಾಣದ ಹತ್ತಿರ ಬಸ್ಸು ನಮ್ಮನ್ನು ಹಿಂದಿಕ್ಕಿತೆಂದರೆ ಅದು ಮುಂದಿನ ಕ್ಷಣ ಎಡಕ್ಕೆ ಬರುತ್ತದೆಂದೇ ತಿಳಿಯಬೇಕು. ಪೆಡಲ್ ನಿಲ್ಲಿಸಿ ಹಿಂದೆ ಉಳಿದರೆ ಮಾನವೇನೂ ಹೋಗುವುದಿಲ್ಲ.

ಕತ್ತಲಾದ ಮೇಲೆ ದೀಪ ಬೇಕೇ ಬೇಕು. ದೀಪವಿಲ್ಲದ ಸೈಕಲ್ಲನ್ನು ಪೊಲೀಸರು ಹಿಡಿದು ಚಕ್ರದ ಗಾಳಿ ಬಿಡುತ್ತಿದ್ದ ಕಾಲವನ್ನು ನನ್ನ ವಯಸ್ಸಿನವರು ಕಂಡಿದ್ದಾರೆ. ಟೈರಿಗೆ ಉಜ್ಜಿಕೊಂಡು ಗುಂಯ್‌ಗುಡುತ್ತಿದ್ದ ಡೈನಮೊ ನಿಂತೊಡನೆ ಆರಿಹೋಗುತ್ತಿತ್ತು. ಈಗ ಒಂದೆರಡು ನೂರು ರೂಪಾಯಿಗೆ ಮಿನುಗುವ ಕೆಂಪು ದೀಪ ಸಿಗುತ್ತದೆ, ಹಾಗಿದ್ದೂ ರಾತ್ರಿ ಪಾಳಿಯಿಂದ ಮರಳುವ ಹತ್ತು ಸೈಕಲ್‌ಗಳಲ್ಲಿ ಎರಡಕ್ಕಿದ್ದರೆ ಹೆಚ್ಚು. ಹಿಂದಿನ ಮಡ್‌ಗಾರ್ಡಿನ ಪ್ರತಿಫಲಕಕ್ಕೆ ಮೆತ್ತಿದ ಕೆಸರನ್ನು ಒರೆಸಲು ಖರ್ಚೇ ಇಲ್ಲ. ರಾಡ್ ಬ್ರೇಕಿನ ಹಳೆಯ ಸೈಕಲ್ ಇರುವವರು ಮಳೆಯಲ್ಲಿ ಇನ್ನೂ ಮುಂಚೆಯೇ ಬ್ರೇಕ್ ಹಿಡಿಯಬೇಕು, ನೆಂದ ಸ್ಟೀಲ್ ರಿಮ್ಮಿನ ಮೇಲೆ ರಬ್ಬರು ಜಾರುತ್ತದೆ. ಹೆಲ್ಮೆಟ್ ಕಾನೂನು ಮೋಟಾರು ಸೈಕಲ್‌ಗೆ, ನಮಗಲ್ಲ, ಆದರೂ ನಾನು ಹಾಕುತ್ತೇನೆ. ಲಾರಿಯಿಂದ ಅದು ಕಾಪಾಡುತ್ತದೆಂಬ ಭ್ರಮೆ ನನಗಿಲ್ಲ. ನಮ್ಮವರೂ ಸತ್ಯಸಂಧರೇನಲ್ಲ. ರಾಂಗ್ ಸೈಡಿನಲ್ಲಿ ಬರುವ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಸಿಗ್ನಲ್ ಹಾರುವ ಸೈಕಲ್ ಸವಾರರನ್ನು ದಿನವೂ ಕಾಣುತ್ತೇನೆ, ಅವರ ಪರವಾಗಿ ವಾದಿಸಲು ನನ್ನ ಬಳಿ ಏನೂ ಇಲ್ಲ.

ಕಾರಿನಲ್ಲಿ ಓಡಾಡುವ ಓದುಗರಲ್ಲಿ ಒಂದು ಕೋರಿಕೆಯಿದೆ. ಚಾಲಕರು ಬಾಗಿಲನ್ನು ಬಲಗೈಯಿಂದ ತೆರೆಯದೆ ಎಡಗೈಯಿಂದ ತೆರೆಯುವುದನ್ನು ರೂಢಿ ಮಾಡಿಕೊಳ್ಳಬೇಕು. ಎಡಗೈಯನ್ನು ಬಲಗಡೆಯ ಹಿಡಿಕೆಗೆ ಚಾಚಿದಾಗ ಮೈ ತಾನಾಗಿ ತಿರುಗುತ್ತದೆ, ಕಣ್ಣು ಕನ್ನಡಿಯನ್ನೂ ಹಿಂದಿನ ರಸ್ತೆಯನ್ನೂ ನೋಡುತ್ತದೆ. ಹಾಲೆಂಡಿನವರಿಗೆ ಇದು ಹಳೆಯ ಅಭ್ಯಾಸ. ವೇಗದ ಬಗ್ಗೆಯೂ ಒಂದು ಮಾತು. ಗಂಟೆಗೆ 60 ಕಿಲೋಮೀಟರಿನಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರು ಕ್ರಮಿಸುತ್ತದೆ, ನನ್ನ ಸೈಕಲ್ ಅದೇ ಸೆಕೆಂಡಿನಲ್ಲಿ ನಾಲ್ಕು ಮೀಟರು ಹೋದರೆ ಹೆಚ್ಚು. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಉರುಳುವ ದೂರ ನಾಲ್ಕು ಪಟ್ಟಾಗುತ್ತದೆ. ಹಗಲಿನ ಜಾಮ್‌ನಲ್ಲಿ ಈ ಮಾತಿಗೆ ಅರ್ಥವಿಲ್ಲವೆನಿಸಬಹುದು. ನಮಗೆ ಗಂಡಾಂತರವಿರುವುದು ಜಾಮ್‌ನಲ್ಲಿ ಅಲ್ಲ, ರಸ್ತೆ ಖಾಲಿಯಿರುವ ಬೆಳಗಿನ ಐದು ಗಂಟೆಗೆ, ಪತ್ರಿಕೆ ಹಾಕುವ, ಹಾಲು ಹಾಕುವ ಹುಡುಗರು ಸೈಕಲ್ ಮೇಲಿರುವ ಹೊತ್ತಿಗೆ. ಈ ಪತ್ರ ಅಚ್ಚಾದರೆ ಅದನ್ನು ನಿಮ್ಮ ಬಾಗಿಲಿಗೆ ತರುವವನೂ ಅವನೇ.

ಇನ್ನು ಸರ್ಕಾರದ ಪಾತ್ರ. ಈ ಊರಿನಲ್ಲಿ ಸೈಕಲ್ ಪಥಗಳು ಆಗಲೇ ಇಲ್ಲವೆಂದಲ್ಲ. ಜಯನಗರದಲ್ಲಿ ಬಣ್ಣ ಬಳಿದು ಮಾಡಿದ ಪಥಗಳ ಮೇಲೆ ಕಾರುಗಳು ನಿಂತವು. 2020ರಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಲೌರಿ ಜಂಕ್ಷನ್‌ವರೆಗೆ ಹೊರವರ್ತುಲ ರಸ್ತೆಯಲ್ಲಿ ಸುಮಾರು 17 ಕಿಲೋಮೀಟರು ಉದ್ದಕ್ಕೆ ಕಂಬ ನೆಟ್ಟು ಪಥ ಬಿಡಿಸಿದ್ದರು. ಬೈಕುಗಳು ಒಳಗೆ ನುಗ್ಗಿದವು, ಕಂಬಗಳು ಮುರಿದವು, ಆಮೇಲೆ ಮೆಟ್ರೊ ಕಾಮಗಾರಿ ಬಂತು. ಬಣ್ಣದಿಂದಲೂ ಪ್ಲಾಸ್ಟಿಕ್ ಕಂಬದಿಂದಲೂ ಪಥ ಉಳಿಯುವುದಿಲ್ಲ, ಅದಕ್ಕೆ ಕಲ್ಲಿನ ಕಟ್ಟೆಯೇ ಬೇಕು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ 138(1ಎ) ವಿಧಿಯು ಯಂತ್ರವಿಲ್ಲದ ವಾಹನಗಳ ಮತ್ತು ಪಾದಚಾರಿಗಳ ಸಂಚಾರಕ್ಕೆ ನಿಯಮ ಮಾಡುವ ಅಧಿಕಾರವನ್ನು ರಾಜ್ಯಕ್ಕೇ ಕೊಟ್ಟಿದೆ. ರಸ್ತೆಯ ವಿನ್ಯಾಸ ಮತ್ತು ನಿರ್ವಹಣೆಯ ಲೋಪದಿಂದ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ 198ಎ ವಿಧಿಯೂ ಅದೇ ತಿದ್ದುಪಡಿಯಲ್ಲಿ ಬಂದದ್ದು. ಒಂದು ಪಾಲಿಕೆಯ ಜಾಗದಲ್ಲಿ ಈಗ ಐದು ನಗರಪಾಲಿಕೆಗಳು ಬಂದಿವೆ. ದೊಡ್ಡ ಪಥಗಳ ಮಾತು ಆಮೇಲಿರಲಿ, ಆ ಐದೂ ಪಾಲಿಕೆಗಳು ತಮ್ಮ ತಮ್ಮ ವ್ಯಾಪ್ತಿಯ ಮುಖ್ಯರಸ್ತೆಗಳಲ್ಲಿ ಚರಂಡಿ ಜಾಲರಿಗಳನ್ನು ಕಿತ್ತು ಅಡ್ಡಲಾಗಿ ತಿರುಗಿಸಿ ಕೂರಿಸಲಿ, ಡಾಂಬರನ್ನು ಅಂಚಿನವರೆಗೆ ಎಳೆದು ಮುಗಿಸಲಿ. ಅಂಚಿಗೆ ಸರಿ ಎಂದು ನಮಗೆ ಹೇಳುವ ಹಕ್ಕು ಅಲ್ಲಿಯವರೆಗೆ ಯಾರಿಗೂ ಇಲ್ಲ.

ನನ್ನ ದಾರಿಯಲ್ಲಿರುವ ಅಂಥ ಒಂದು ಜಾಲರಿಯ ಬಗ್ಗೆ ಸಂಬಂಧಪಟ್ಟ ಕಚೇರಿಗೆ ಎರಡು ಬಾರಿ ಅರ್ಜಿ ಕೊಟ್ಟಿದ್ದೇನೆ, ಸ್ವೀಕೃತಿ ಚೀಟಿಗಳು ನನ್ನ ಬಳಿ ಇವೆ. ಕಳೆದ ವಾರ ನೋಡಿದಾಗ ಅದರ ಸೀಳಿನಲ್ಲಿ ಯಾರೋ ಪುಣ್ಯಾತ್ಮರು ಒಂದು ಹೊಂಗೆ ಟೊಂಗೆ ಸಿಕ್ಕಿಸಿ ಹೋಗಿದ್ದರು. ಎಲೆ ಇನ್ನೂ ಬಾಡಿರಲಿಲ್ಲ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಸೈಕಲ್ ಸವಾರ
ವಿಜಯನಗರ, ಬೆಂಗಳೂರು